ಒಣಹುಲ್ಲಿನ ಊಬು: ನಾಯಿಯೊಂದಿಗೆ ಗುಡ್ಡದ ಕಡೆ ಹೊರಟವರು ಇದನ್ನು ಓದಿ

ದೀಪಾವಳಿ ಮುಗಿದ ಮೇಲಿನ ಭಾನುವಾರ ಗದಗಿನಿಂದ ಕಪ್ಪತಗುಡ್ಡದ ಕಡೆಗೆ ಹೋಗಿದ್ದೆವು. ನಾನು, ನಮ್ಮ ಮನೆಯವರು, ಎಂಟು ವರ್ಷದ ಮಗಳು, ಜೊತೆಗೆ ನಮ್ಮ ಪಮೇರಿಯನ್ ಬೆಳ್ಳಿ. ಗುಡ್ಡ 2019ರಿಂದ ವನ್ಯಜೀವಿಧಾಮ. ಕತ್ತೆಕಿರುಬ, ತೋಳ ಓಡಾಡುವ ಆ ಜಾಗಕ್ಕೆ ಸಾಕುನಾಯಿಯನ್ನು ಒಯ್ಯುವುದು ತಪ್ಪು ಎಂದು ಒಳಗೆ ಹೋಗಲಿಲ್ಲ. ಡೋಣಿ ಎಂಬ ಊರಿನ ಸಮೀಪ ನಮ್ಮ ಸಂಬಂಧಿಕರ ಬೀಳು ಹೊಲವಿದೆ. ಸೊಂಟದೆತ್ತರ ಹುಲ್ಲು ಬೆಳೆದು, ಒಣಗಿ, ಗಾಳಿಗೆ ಕಂದುಬಣ್ಣದ ಅಲೆಯಂತೆ ಬಾಗುತ್ತಿತ್ತು. ಮಗಳು ಓಡಿದಳು, ಬೆಳ್ಳಿ ಅವಳ ಹಿಂದೆ ನುಗ್ಗಿತು.

ಬದುವಿನ ಮೇಲೆ ನಿಂತಿದ್ದ ಕುರಿಗಾಹಿ ಅಜ್ಜ ಕೂಗಿ ಹೇಳಿದರು: “ತಂಗೀ, ಈಗ ಊಬು ಬಲಿತಿದೆ. ನಾವು ಕುರಿಗಳನ್ನೇ ಇದರೊಳಗೆ ಬಿಡುವುದಿಲ್ಲ.” ಊಬು ಎಂದರೆ ಹುಲ್ಲಿನ ಬೀಜಕ್ಕೆ ಬಾಲದಂತೆ ಅಂಟಿಕೊಂಡಿರುವ ಬಿರುಸು ಎಳೆ. ನಾನು ತಲೆಯಾಡಿಸಿದೆ, ಅಷ್ಟೆ. ಹುಲ್ಲಿನಿಂದ ಏನಾದೀತು ಎಂದುಕೊಂಡೆ. ಆ ಒಂದು ಮಾತನ್ನು ಕೇಳಿದ್ದರೆ ಬೆಳ್ಳಿ ಮೂರು ವಾರ ನರಳುತ್ತಿರಲಿಲ್ಲ.

ಮನೆಗೆ ಬಂದಾಗ ಮೈತುಂಬ ಊಬು ಅಂಟಿತ್ತು. ಕಂಡದ್ದನ್ನೆಲ್ಲ ಕಿತ್ತೆವು. ರಾತ್ರಿ ಬೆಳ್ಳಿ ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿ ಪಟಪಟನೆ ಕೊಡವತೊಡಗಿತು. ಕಿವಿಯಲ್ಲಿ ಕಸವಿರಬೇಕೆಂದು ನಾನು ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟೆ. ಇದು ದೊಡ್ಡ ತಪ್ಪು, ದಯವಿಟ್ಟು ಯಾರೂ ಮಾಡಬೇಡಿ. ಒಳಗೆ ಗಾಯವಿದೆಯೋ ಕಿವಿಯ ತಮಟೆ ಹರಿದಿದೆಯೋ ನಮಗೆ ಕಾಣುವುದಿಲ್ಲ. ಎರಡು ದಿನ ಹೀಗೆಯೇ ಕಳೆದೆವು. ಮೂರನೆಯ ದಿನ ಪಶುವೈದ್ಯರು ಮಂಪರಿನ ಚುಚ್ಚುಮದ್ದು ಕೊಟ್ಟು, ಕಿವಿಯೊಳಗೆ ದೀಪ ಹಾಯಿಸಿ, ಉದ್ದನೆಯ ಚಿಮಟದಿಂದ ಊಬು ಸಮೇತ ಒಂದು ಬೀಜವನ್ನು ಎಳೆದು ತೋರಿಸಿದರು. ಅದರ ತುದಿ ಸೂಜಿಯಷ್ಟು ಚೂಪಾಗಿತ್ತು.

ಈ ಹುಲ್ಲಿನ ಬೀಜದ ತುದಿಯಲ್ಲಿ ಹಿಮ್ಮುಖವಾಗಿ ಬಾಗಿದ ಬಿರುಸು ಕೂದಲುಗಳಿರುತ್ತವೆ. ಹಿಂದಿನ ಉದ್ದನೆಯ ಊಬು ತೇವ ತಗುಲಿದಾಗ ಬಿಚ್ಚಿಕೊಂಡು, ಒಣಗಿದಾಗ ಹುರಿಯಂತೆ ತಿರುಚಿಕೊಳ್ಳುತ್ತದೆ. ಮಣ್ಣಿನೊಳಗೆ ಬೀಜವನ್ನು ಕೊರೆದು ಇಳಿಸಲು ಹುಲ್ಲು ಕಂಡುಕೊಂಡ ದಾರಿ ಇದು. ಚರ್ಮಕ್ಕೆ ಸಿಕ್ಕರೂ ಅದೇ ಕೆಲಸ ಮಾಡುತ್ತದೆ: ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಕಿವಿಯದು ಮುಗಿಯಿತೆನ್ನುವಷ್ಟರಲ್ಲಿ ಮುಂಗಾಲಿನ ಬೆರಳ ಸಂದಿ ಊದಿತು. ಮಾತ್ರೆ ಕೊಟ್ಟಾಗ ಇಳಿಯಿತು, ನಿಲ್ಲಿಸಿದಾಗ ಮತ್ತೆ ಬಂತು. ಎಕ್ಸ್-ರೇ ತೆಗೆಸೋಣ ಎಂದೆ. ಹುಲ್ಲಿನ ಚೂರು ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ ಎಂದು ವೈದ್ಯರು ಹೇಳಿದರು. ಕೊನೆಗೆ ಕೊಯ್ದು ಕೀವು ತೆಗೆದಾಗ ಒಳಗೆ ಇನ್ನೊಂದು ಬೀಜ ಸಿಕ್ಕಿತು. ಪಾದದ ಸಂದಿಯಲ್ಲಿ ಒಂದು ಸಣ್ಣ ತೂತು ಮೊದಲ ದಿನವೇ ಇದ್ದಿರಬೇಕು. ದಟ್ಟ ಕೂದಲಿನಲ್ಲಿ ನಮಗೆ ಕಾಣಲಿಲ್ಲ.

ಆದ್ದರಿಂದ ಹೇಳುತ್ತಿದ್ದೇನೆ: ಊಬು ಬಲಿತ ಒಣಹುಲ್ಲಿಗೆ ನಾಯಿಯನ್ನು ಬಿಡಲೇಬೇಡಿ. ಬಂಡಿದಾರಿಯಲ್ಲಿ ಹಗ್ಗ ಹಿಡಿದು ನಡೆಸಿ, ಅಥವಾ ಮಳೆಗಾಲದಲ್ಲಿ ಹುಲ್ಲು ತೆನೆ ಕಟ್ಟುವ ಮುನ್ನ ಹೋಗಿ. ಬೆರಳ ಸಂದಿಯ ಕೂದಲನ್ನು ಮೊದಲೇ ಕತ್ತರಿಸಿಡಿ. ಹಿಂತಿರುಗುವಾಗ ಗಾಡಿ ಹತ್ತುವ ಮೊದಲೇ ಕಿವಿ, ಕಂಕುಳು, ತೊಡೆಸಂದು, ಕಣ್ಣಿನ ಅಂಚು, ಪ್ರತಿ ಬೆರಳ ನಡುವೆ ಬೆರಳಾಡಿಸಿ ನೋಡಿ. ರಕ್ತ ಹೀರುವ ಉಣ್ಣಿಗಳಿದ್ದರೂ ಅಲ್ಲಿಯೇ ಸಿಗುತ್ತವೆ. ತಲೆ ಕೊಡವುವುದು, ಒಂದೇ ಪಾದವನ್ನು ನೆಕ್ಕುತ್ತಿರುವುದು, ಬಿಡದೆ ಸೀನುವುದು, ಒಂದು ಕಣ್ಣು ಮುಚ್ಚಿಕೊಳ್ಳುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ. ಮಕ್ಕಳ ಕಾಲುಚೀಲವನ್ನೂ ತಿರುವಿ ನೋಡಿ. ಮಗಳ ಚೀಲದಲ್ಲಿ ಎರಡು ಸಲ ಒಗೆದ ಮೇಲೂ ಒಂದು ಊಬು ನೆಟ್ಟಿಕೊಂಡಿತ್ತು.

ಬೆಳ್ಳಿ ಈಗ ಕುಂಟದೆ ನಡೆಯುತ್ತಿದೆ. ಚೂರು ಉಳಿದಿದ್ದರೆ ಅದೇ ಜಾಗ ಮತ್ತೆ ಊದಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ. ದಿನವೂ ರಾತ್ರಿ ಆ ಪಾದವನ್ನು ದೀಪದ ಕೆಳಗೆ ಹಿಡಿದು ನೋಡುತ್ತಿದ್ದೇನೆ.