ಬೀಳುವ ಅಕ್ಕಿಕಾಳಿಗೆ ಯಾವ ಕ್ಯಾಮೆರಾ: ಮೂರು ಬಗೆಗಳ ಹೋಲಿಕೆ
ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯದ ಬಯಲಿನಲ್ಲಿ ಭತ್ತಕ್ಕೂ ಅಕ್ಕಿ ಗಿರಣಿಗಳಿಗೂ ಕೊರತೆಯಿಲ್ಲ. ಪರಿಚಯದವರ ಗಿರಣಿಯೊಂದರಲ್ಲಿ ಕಪ್ಪುಕಾಳು, ಹಳದಿಕಾಳು ಮತ್ತು ಕಲ್ಲಿನ ಚೂರುಗಳನ್ನು ಗಾಳಿ ಊದಿ ಹೊರಹಾಕುವ ಚಿಕ್ಕ ಯಂತ್ರವೊಂದನ್ನು ಕಟ್ಟುವಾಗ, ಮೂರು ಬಗೆಯ ಕ್ಯಾಮೆರಾಗಳನ್ನು ಬೀಳುವ ಕಾಳಿನ ಒಂದೇ ಧಾರೆಯ ಮುಂದೆ ನಿಲ್ಲಿಸಿ ಪರೀಕ್ಷಿಸಿದೆ.

ಅರ್ಧ ಮೀಟರ್ ಎತ್ತರದಿಂದ ತಡೆಯಿಲ್ಲದೆ ಬಿದ್ದ ಕಾಳಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಕ್ಯಾಮೆರಾ ನೋಡುವ ಜಾಗದಿಂದ ಗಾಳಿಯ ನಳಿಕೆಗೆ 10 ಸೆಂಟಿಮೀಟರ್ ಅಂತರವಿದ್ದರೆ, ಕಾಳನ್ನು ಗುರುತಿಸಿ ಗಾಳಿಯ ಕವಾಟ ತೆರೆಯುವುದಕ್ಕೆ ಸಿಗುವುದು ಸುಮಾರು 30 ಮಿಲಿಸೆಕೆಂಡ್ ಮಾತ್ರ. ಅದರಲ್ಲಿ 2 ಮಿಲಿಸೆಕೆಂಡ್ ಹೆಚ್ಚುಕಡಿಮೆಯಾದರೂ 6 ಮಿಲಿಮೀಟರ್ ತಪ್ಪುತ್ತದೆ, ಅಂದರೆ ಕೆಟ್ಟ ಕಾಳು ಉಳಿದು ಪಕ್ಕದ ಒಳ್ಳೆಯ ಕಾಳು ಹಾರಿಹೋಗುತ್ತದೆ. ಆದ್ದರಿಂದ ಕ್ಯಾಮೆರಾ ಎಷ್ಟು ವೇಗದ್ದು ಎಂಬುದಕ್ಕಿಂತ ಅದರ ವಿಳಂಬ ಪ್ರತಿಸಲವೂ ಒಂದೇ ಆಗಿರುತ್ತದೆಯೇ ಎಂಬುದನ್ನೇ ನಾನು ಮುಖ್ಯವಾಗಿ ನೋಡಿದೆ.

ಮೊದಲನೆಯದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಜೋಡಿಸುವ ಗ್ಲೋಬಲ್ ಶಟರ್ ಕ್ಯಾಮೆರಾ. ಸೋನಿಯ ಐಎಂಎಕ್ಸ್296 ಸಂವೇದಕವಿರುವ ಇದು 1456×1088 ಪಿಕ್ಸೆಲ್‌ಗಳ ಚಿತ್ರವನ್ನು ಸೆಕೆಂಡಿಗೆ 60ರಂತೆ ಕೊಡುತ್ತದೆ. ಎಲ್ಲ ಸಾಲುಗಳೂ ಏಕಕಾಲಕ್ಕೆ ಬೆಳಕು ಪಡೆಯುವುದರಿಂದ ಕಾಳು ಓರೆಯಾಗಿ ಕಾಣುವುದಿಲ್ಲ. 50 ಮೈಕ್ರೋಸೆಕೆಂಡಿನ ಎಕ್ಸ್‌ಪೋಷರ್ (ಬೆಳಕು ಪಡೆಯುವ ಅವಧಿ) ಕೊಟ್ಟರೆ ಮಸುಕು ಸುಮಾರು 0.15 ಮಿಲಿಮೀಟರ್ ಮಾತ್ರ. ಆದರೆ ಎರಡು ಚಿತ್ರಗಳ ನಡುವಿನ 16.7 ಮಿಲಿಸೆಕೆಂಡಿನಲ್ಲಿ ಕಾಳು 5 ಸೆಂಟಿಮೀಟರ್ ಇಳಿದಿರುತ್ತದೆ. ಪೈಯನ್ನು ನಡೆಸುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಬೇರೆ ಕೆಲಸಕ್ಕೆ ತಿರುಗಿದಾಗಲೆಲ್ಲ ಕವಾಟ ತಡವಾಗಿ ತೆರೆಯುತ್ತಿತ್ತು. ಕವಾಟದ ಸಮಯವನ್ನು ಆ ಒಂದೇ ಕೆಲಸ ಮಾಡುವ ಪ್ರತ್ಯೇಕ ನಿಯಂತ್ರಕ ಚಿಪ್‌ಗೆ (ಮೈಕ್ರೋಕಂಟ್ರೋಲರ್) ಒಪ್ಪಿಸಿದ ಮೇಲೆ ಅದು ಬಹುಮಟ್ಟಿಗೆ ಸರಿಹೋಯಿತು.

ಎರಡನೆಯದಾಗಿ ಎರವಲು ತಂದಿದ್ದ ಇವೆಂಟ್ ಕ್ಯಾಮೆರಾದಲ್ಲಿ ಫ್ರೇಮ್, ಅಂದರೆ ಇಡೀ ಚಿತ್ರ, ಎಂಬುದೇ ಇಲ್ಲ. ಬೆಳಕು ಬದಲಾದ ಪಿಕ್ಸೆಲ್ ಮಾತ್ರ ಮೈಕ್ರೋಸೆಕೆಂಡಿನ ನಿಖರತೆಯಲ್ಲಿ ಸುದ್ದಿ ಕಳಿಸುತ್ತದೆ. ಕಾಳೆಣಿಸಲು ಇದು ಅದ್ಭುತ. ಆದರೆ ನಾನು ನೋಡಿದ್ದಕ್ಕೆ ಬಣ್ಣ ತಿಳಿಯದು, ಹಳದಿಕಾಳಿಗೂ ಬಿಳಿಕಾಳಿಗೂ ಅದು ಭೇದವೆಣಿಸಲಿಲ್ಲ. ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಮೂರನೆಯದಾದ ಬಣ್ಣದ ಲೈನ್ ಸ್ಕ್ಯಾನ್ ಕ್ಯಾಮೆರಾ ಒಂದೊಂದೇ ಗೆರೆಯನ್ನು ನೋಡುತ್ತದೆ. 0.25 ಮಿಲಿಮೀಟರಿಗೊಂದು ಗೆರೆ ಬೇಕೆಂದರೆ ಸೆಕೆಂಡಿಗೆ 12,000 ಗೆರೆ. ಒಂದೊಂದಕ್ಕೂ ದೊರೆಯುವುದು 83 ಮೈಕ್ರೋಸೆಕೆಂಡ್ ಮಾತ್ರವಾದ್ದರಿಂದ ಪ್ರಖರವಾದ, ಡಿಸಿ ವಿದ್ಯುತ್ತಿನಲ್ಲಿ ಮಿನುಗದೆ ಉರಿಯುವ ಎಲ್‌ಇಡಿ ಬೆಳಕು ಅನಿವಾರ್ಯ. ಇದರ ಶತ್ರು ತೌಡಿನ ಧೂಳು. ಗ್ಲೋಬಲ್ ಶಟರ್‌ನಲ್ಲಿ ಗಾಜಿನ ಮೇಲಿನ ಕಣ ಒಂದು ಚುಕ್ಕೆಯಾಗಿ ಉಳಿದರೆ, ಇಲ್ಲಿ ಅದೇ ಕಣ ಚಿತ್ರದುದ್ದಕ್ಕೂ ಕಪ್ಪು ಗೀಟಾಗುತ್ತದೆ, ತಂತ್ರಾಂಶ ಅದನ್ನು ಕಪ್ಪುಕಾಳೆಂದು ಬಗೆದು ಆ ಸಾಲಿನ ನಳಿಕೆಯನ್ನು ಬಿಡುವಿಲ್ಲದೆ ಊದಿಸುತ್ತದೆ. ಗಾಜಿಗೆ ಸದಾ ಗಾಳಿ ಹಾಯಿಸಿ, ಬಿಳಿ ಫಲಕ ತೋರಿಸಿ ಆಗಾಗ ಸರಿಹೊಂದಿಸುವ ವ್ಯವಸ್ಥೆ ಮಾಡಿಕೊಂಡ ಮೇಲೆ ವಿಳಂಬದ ಸ್ಥಿರತೆಯಲ್ಲಿ ಉಳಿದೆರಡೂ ಇದರ ಹತ್ತಿರ ಸುಳಿಯಲಿಲ್ಲ.

ದಿನವಿಡೀ ಓಡುವ ಯಂತ್ರಕ್ಕೆ ನನ್ನ ಆಯ್ಕೆ ಲೈನ್ ಸ್ಕ್ಯಾನ್. ಗ್ಲೋಬಲ್ ಶಟರ್ ಕ್ಯಾಮೆರಾವನ್ನು ಮೂಲೆಗೆ ಹಾಕಿಲ್ಲ. ಖರೀದಿಗೆ ಬಂದ ಅಕ್ಕಿಯ ಮಾದರಿಯನ್ನು ತಟ್ಟೆಯಲ್ಲಿ ಹರಡಿ ನುಚ್ಚಿನ ಪ್ರಮಾಣ ಅಳೆಯುವುದಕ್ಕೆ ಈಗ ಅದನ್ನೇ ಬಳಸುತ್ತಿದ್ದೇವೆ.