ಕೈದಿಯೋ, ಸೆರೆಯಾಳೋ, ಬಂದಿಯೋ?

ಸುದ್ದಿ ಬರೆಯುವಾಗ ಕೈ ಸುಮ್ನೆ ‘ಕೈದಿ’ ಎಂದು ಬರೆದುಬಿಡುತ್ತದೆ. ಜೈಲಿನಲ್ಲಿರುವವರಿಗೆ ಅದು ಸರಿಯಾದ ಮಾತೇ. ಅರಬ್ಬಿಯ ‘ಕೈದ್’ನಿಂದ ಬಂದದ್ದು, ನಮ್ಮ ‘ಕೈ’ಗೂ ಅದಕ್ಕೂ ನಂಟಿಲ್ಲ. ‘ಖೈದಿ’ ಎಂದೂ ಬರೆಯುತ್ತಾರೆ. ಮೂಲದಲ್ಲಿ ಮಹಾಪ್ರಾಣ ಇಲ್ಲ, ಹಾಗಾಗಿ ನನಗೆ ‘ಕೈದಿ’ಯೇ ಇಷ್ಟ.

ಆದರೆ ಒಂದು ಎಚ್ಚರ ಬೇಕು. ಕೈದಿ ಎಂದ ಕೂಡಲೇ ಓದುವವರಿಗೆ ತಪ್ಪು ಮಾಡಿದವನ ಚಿತ್ರವೇ ಕಣ್ಣಮುಂದೆ ಬರುತ್ತದೆ, ಅಲ್ವಾ? ತೀರ್ಪು ಬಾರದೆ ಒಳಗಿರುವವರೂ ಇದ್ದಾರೆ. ಅವರನ್ನು ‘ವಿಚಾರಣಾಧೀನ ಕೈದಿ’ ಎಂದೇ ಬರೆಯಿರಿ. ಉದ್ದವಾಯಿತು ಎಂದು ಮೊದಲ ಪದ ಕತ್ತರಿಸಿದರೆ, ನ್ಯಾಯಾಧೀಶರಿಗಿಂತ ಮೊದಲು ನಾವೇ ತೀರ್ಪು ಕೊಟ್ಟಂತೆ. ಶಿಕ್ಷೆ ಆದವರಿಗೆ ‘ಸಜಾ ಕೈದಿ’ ಇದೆ. ಪೊಲೀಸರು ಈಗಷ್ಟೇ ಹಿಡಿದವರಿಗೆ ‘ಬಂಧಿತ’ ಸಾಕು.

‘ಸೆರೆಯಾಳು’ ಅಚ್ಚಗನ್ನಡ. ಸೆರೆ ಮತ್ತು ಆಳು ಸೇರಿ ಆದದ್ದು. ಇದರಲ್ಲಿ ಅಪರಾಧದ ವಾಸನೆ ಕಡಿಮೆ, ಸಿಕ್ಕಿಬಿದ್ದ ನೋವು ಜಾಸ್ತಿ. ಬೋನಿಗೆ ಬಿದ್ದ ಚಿರತೆ ‘ಸೆರೆ’ಯಾಯಿತು ಎನ್ನುತ್ತೇವೆ, ಕೈದಿಯಾಯಿತು ಎನ್ನುವುದಿಲ್ಲ. ಶತ್ರುಗಳ ಕೈಗೆ ಸಿಕ್ಕ ಸೈನಿಕನಿಗೆ ಪತ್ರಿಕೆಗಳಲ್ಲಿ ‘ಯುದ್ಧಕೈದಿ’ ರೂಢಿಯಾಗಿದೆ. ಕಥೆಯಲ್ಲಾದರೆ ನಾನು ಸೆರೆಯಾಳನ್ನೇ ಆರಿಸುತ್ತೇನೆ.

‘ಬಂದಿ’ಗೆ ಬಾಗಿಲು, ಬೀಗ ಇರಲೇಬೇಕೆಂದಿಲ್ಲ. ‘ಕಾಯಿಲೆಯಿಂದ ಮನೆಯಲ್ಲೇ ಬಂದಿಯಾದಳು’ ಎಂದರೆ ಸಹಜವಾಗಿ ಕೇಳುತ್ತದೆ. ಅಲ್ಲಿ ಕೈದಿ ಹಾಕಿ ನೋಡಿ, ಕಿವಿಗೆ ಒಗ್ಗುವುದಿಲ್ಲ.

ಇನ್ನು ‘ಒತ್ತೆಯಾಳು’ ಬೇರೆಯೇ. ಹಣಕ್ಕೋ ಬೇಡಿಕೆಗೋ ಒತ್ತೆಯಾಗಿ ಸಿಕ್ಕಿಬಿದ್ದವರಿಗೆ ಮಾತ್ರ ಅದನ್ನು ಬಳಸಿ.