ಅಪ್ಪನ ವೀಲ್‌ಚೇರ್, ಅಮ್ಮನ ಮಂಡಿನೋವು: ಬೆಂಗಳೂರಲ್ಲಿ ಯಾರಿಗೆ ಯಾವ ಗಾಡಿ ವಾಸಿ?

ಅಮ್ಮನಿಗೆ ಆಟೋ ವಾಸಿ, ಅಪ್ಪನಿಗೆ ಮೆಟ್ರೋ ವಾಸಿ. ಒಂದೇ ಮನೆಯಿಂದ ಒಂದೇ ಆಸ್ಪತ್ರೆಗೆ ಹೊರಟರೂ ಹೀಗೆ.

ನಮ್ಮ ಮನೆ ಜಯನಗರದಲ್ಲಿ. ಅಪ್ಪನಿಗೆ ಲಕ್ವ ಹೊಡೆದಾಗಿನಿಂದ ವೀಲ್‌ಚೇರ್. ಯಾರಾದರೂ ಹಿಡಿದುಕೊಂಡರೆ ಎದ್ದು ನಿಲ್ಲುತ್ತಾರೆ, ಹೆಜ್ಜೆ ಇಡಲು ಆಗುವುದಿಲ್ಲ. ಅಮ್ಮನಿಗೆ ಎರಡೂ ಮಂಡಿ ಸವೆದಿವೆ. ಕೋಲು ಹಿಡಿದು ನಡೆಯುತ್ತಾರೆ, ಆದರೆ ಕೂತಲ್ಲಿಂದ ಏಳುವುದೇ ಕಷ್ಟ. ಇಬ್ಬರನ್ನೂ ಕೆ.ಆರ್. ಮಾರ್ಕೆಟ್ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಹಾಗಾಗಿ ಇರುವ ಗಾಡಿಗಳನ್ನೆಲ್ಲ ಒಂದೊಂದಾಗಿ ನೋಡಿದ್ದಾಯಿತು.

ಮೊದಲು ಆಟೋ. ಮಂಡಿ ನೋವಿರುವವರಿಗೆ ಸೀಟಿನ ಎತ್ತರವೇ ಮುಖ್ಯ. ಕಾರಿನ ಸೀಟು ತಗ್ಗು. ಕೂರುವಾಗ ಸೊಂಟ ಮಂಡಿಗಿಂತ ಕೆಳಗೆ ಹೋಗುತ್ತದೆ, ಏಳುವಾಗ ಇಡೀ ಮೈಭಾರ ಮಂಡಿಯ ಮೇಲೆ. ಆಟೋದಲ್ಲಿ ಒಂದೇ ಮೆಟ್ಟಿಲು, ಹಿಡಿಯಲು ಡ್ರೈವರ್ ಸೀಟಿನ ಹಿಂದೆ ಕಂಬಿ. ಹತ್ತುವಾಗ ನೋವು ಕಡಿಮೆ ಇರುವ ಕಾಲು ಮೊದಲು, ಇಳಿಯುವಾಗ ನೋವು ಜಾಸ್ತಿ ಇರುವ ಕಾಲು ಮೊದಲು. ಫಿಸಿಯೋಥೆರಪಿಯವರು ಹೇಳಿಕೊಟ್ಟ ಈ ಲೆಕ್ಕ ಆಟೋಗೆ ಸರಿಯಾಗಿ ಕೂರುತ್ತದೆ. ನಮ್ಮ ಅಡ್ಡರಸ್ತೆಯೊಳಗೆ ಗೇಟಿನವರೆಗೂ ಬರುತ್ತದೆ, ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲವರೆಗೂ ಹೋಗುತ್ತದೆ. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. ಮೀಟರ್ ಹಾಕುವವರು ಸಿಕ್ಕರೆ ನಿಮ್ಮ ಪುಣ್ಯ, ಅಷ್ಟೇ. ‘ಹಂಪ್ ಹತ್ರ ನಿಧಾನ ಕಣಪ್ಪಾ’ ಅಂತ ಅಮ್ಮ ಹತ್ತುವ ಮೊದಲೇ ಹೇಳಿಬಿಡುತ್ತಾರೆ. ಹೆಚ್ಚಿನವರು ಕೇಳುತ್ತಾರೆ.

ಅಪ್ಪನಿಗೆ ಇದೇ ಆಟೋ ಆಗಿಬರುವುದಿಲ್ಲ. ಒಂದು ಕಡೆ ಬಲವಿಲ್ಲದ ಮೈ, ತಿರುವಿನಲ್ಲಿ ಜಾರುತ್ತದೆ. ಬೆಲ್ಟ್ ಇಲ್ಲ, ಬಾಗಿಲಿಲ್ಲ. ಪಕ್ಕದಲ್ಲಿ ಕೂತವರು ದಾರಿಯುದ್ದಕ್ಕೂ ತಬ್ಬಿ ಹಿಡಿದಿರಬೇಕು. ಮಡಚಿದ ವೀಲ್‌ಚೇರ್ ಇಡಲು ಕಾಲಿನ ಹತ್ತಿರದ ಜಾಗವೇ ಗತಿ.

ಹಾಗಿದ್ದರೆ ಕ್ಯಾಬ್? ಇಲ್ಲಿ ತೊಡಕು ಡಿಕ್ಕಿಯಲ್ಲಿದೆ. ಊರಿನ ಟ್ಯಾಕ್ಸಿಗಳಲ್ಲಿ ಎಷ್ಟೋ ಗಾಡಿಗಳಿಗೆ ಸಿಎನ್‌ಜಿ ಇದೆ, ಸಿಲಿಂಡರ್ ಇರುವುದು ಡಿಕ್ಕಿಯಲ್ಲಿ. ವೀಲ್‌ಚೇರ್‌ಗೆ ಜಾಗ ಎಲ್ಲಿ? ಗಾಡಿ ಬುಕ್ ಆದ ಕೂಡಲೇ ಫೋನ್ ಮಾಡಿ ‘ಸಿಲಿಂಡರ್ ಇದೆಯಾ, ಮೇಲೆ ಕ್ಯಾರಿಯರ್ ಇದೆಯಾ’ ಅಂತ ಕೇಳಿಬಿಡುವುದು ಒಳ್ಳೆಯದು. ವೀಲ್‌ಚೇರ್ ಅನ್ನುವ ಮಾತು ಕಿವಿಗೆ ಬಿದ್ದೊಡನೆ ಟ್ರಿಪ್ ಕ್ಯಾನ್ಸಲ್ ಆದದ್ದೂ ಉಂಟು. ಯಾವ ಆ್ಯಪ್ ಅಂತ ಕೇಳಬೇಡಿ. ಗಾಡಿ ಬಂದರೆ ಅಪ್ಪನನ್ನು ಮುಂದಿನ ಸೀಟಿನಲ್ಲೇ ಕೂರಿಸಿ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಕಾಲಿಗೆ ಜಾಗ ಸಿಗುತ್ತದೆ. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿದರೆ ಕೂತಮೇಲೆ ಮೈ ತಿರುಗಿಸುವುದು ಸಲೀಸು. ಹೊರಡುವ ಮೊದಲು ಕವರ್ ಎಳೆದುಬಿಡಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಜಾರುತ್ತಾರೆ.

ಈಗ ಮೆಟ್ರೋ. ಹಸಿರು ಮಾರ್ಗದಲ್ಲಿ ಜಯನಗರದಿಂದ ಸೌತ್ ಎಂಡ್ ಸರ್ಕಲ್, ಲಾಲ್‌ಬಾಗ್, ನ್ಯಾಷನಲ್ ಕಾಲೇಜು ದಾಟಿದರೆ ಮಾರ್ಕೆಟ್. ರೋಗಿಯನ್ನು ಕುರ್ಚಿಯಿಂದ ಎತ್ತುವ ಪ್ರಸಂಗವೇ ಇಲ್ಲದ ಸಾರ್ವಜನಿಕ ಗಾಡಿ ನಮ್ಮ ಊರಲ್ಲಿ ಇದ್ದರೆ ಇದೇ. ರಸ್ತೆಯಿಂದ ಟಿಕೆಟ್ ಮಟ್ಟಕ್ಕೆ ಲಿಫ್ಟ್, ಅಲ್ಲಿಂದ ಪ್ಲಾಟ್‌ಫಾರ್ಮಿಗೆ ಲಿಫ್ಟ್, ವೀಲ್‌ಚೇರ್ ಹೋಗುವಷ್ಟು ಅಗಲದ ಗೇಟು, ಪ್ಲಾಟ್‌ಫಾರ್ಮಿನ ಮಟ್ಟಕ್ಕೇ ರೈಲಿನ ನೆಲ. ಕಣ್ಣು ಕಾಣದವರಿಗೆ ದಾರಿ ತೋರಿಸುವ ಉಬ್ಬು ಪಟ್ಟಿಗಳೂ ಇವೆ. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಸಂದು ಇದ್ದೇ ಇರುತ್ತದೆ. ವೀಲ್‌ಚೇರ್‌ನ ಮುಂದಿನ ಚಿಕ್ಕ ಗಾಲಿಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ದೊಡ್ಡ ಗಾಲಿ ಮೊದಲು ಒಳಗೆ ಎಳೆದುಕೊಳ್ಳಿ. ಒಳಗೆ ಹೋದೊಡನೆ ಬ್ರೇಕ್. ಬೆಳಗ್ಗೆ ಆಫೀಸಿನ ಹೊತ್ತಿಗೆ ಮಾತ್ರ ಈ ಸಾಹಸ ಬೇಡ. 11 ಗಂಟೆ ಮೇಲೆ ಹೊರಡಿ.

ಹಿರಿಯರಿಗೆ ಅಂತ ಮೆಟ್ರೋದಲ್ಲಿ ಬೇರೆ ದರ ಇಲ್ಲ. 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ದೂರಕ್ಕೆ ತಕ್ಕಂತೆ 10ರಿಂದ 90 ರೂಪಾಯಿ. ಆದರೂ ಕ್ಯಾಬ್‌ಗೆ ಹೋಲಿಸಿದರೆ ಏನೇನೂ ಅಲ್ಲ. ನಿಜವಾದ ಗೋಳು ಶುರುವಾಗುವುದು ಮಾರ್ಕೆಟ್ಟಿನಲ್ಲಿ ಲಿಫ್ಟ್‌ನಿಂದ ಹೊರಗೆ ಬಂದ ಮೇಲೆ. ತಳ್ಳುಗಾಡಿ, ಜನ, ಬುಟ್ಟಿ, ಕಿತ್ತ ಕಲ್ಲುಚಪ್ಪಡಿ. ಬೈಕು ನುಗ್ಗದಿರಲಿ ಅಂತ ಫುಟ್‌ಪಾತಿನ ಬಾಯಲ್ಲಿ ಕಂಬ ನೆಡುತ್ತಾರಲ್ಲ, ಅದು ವೀಲ್‌ಚೇರನ್ನೂ ತಡೆಯುತ್ತದೆ. ಬೈಕಿನವರು ಹೇಗೋ ನುಗ್ಗುತ್ತಾರೆ ಬಿಡಿ. ಅಮ್ಮನಿಗೆ ಮೆಟ್ರೋ ಒಗ್ಗದಿರುವುದೂ ಇದಕ್ಕೇ. ರೈಲಿನೊಳಗೆ ಅವರು ಆರಾಮ. ಲಿಫ್ಟ್ ಹುಡುಕಿ ನಡೆಯುವುದು, ಹೊರಗೆ ಬಂದು ಮತ್ತೆ ನಡೆಯುವುದು, ಇಷ್ಟರಲ್ಲೇ ಸಾಕಾಗಿಹೋಗುತ್ತದೆ.

ಬಸ್ಸಿಗೆ ಬರೋಣ. ಸಾಮಾನ್ಯ ಬಸ್ಸಿನ ಮೆಟ್ಟಿಲು ಇಬ್ಬರಿಗೂ ಆಗದ ಮಾತು. ತಗ್ಗು ನೆಲದ ಬಸ್‌ಗಳ ಕಥೆ ಬೇರೆ. ಬಿಎಂಟಿಸಿಯ ಎಸಿ ಸೇವೆ ‘ವಜ್ರ’ದ ವೋಲ್ವೋಗಳು, 12 ಮೀಟರಿನ ಎಲೆಕ್ಟ್ರಿಕ್ ಬಸ್‌ಗಳು ಈ ಥರದವು. ನೆಲ ರಸ್ತೆಯಿಂದ ಸುಮಾರು 40 ಸೆಂ.ಮೀ. ಎತ್ತರ, ನಡು ಬಾಗಿಲಲ್ಲಿ ಕೈಯಿಂದ ಬಿಚ್ಚುವ ರ‍್ಯಾಂಪ್. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಒಂದು ಲೆಕ್ಕ ಹಾಕಿ. ಕಟ್ಟಡಗಳ ರ‍್ಯಾಂಪಿಗೆ ಇರುವ ನಿಯಮ 12ಕ್ಕೆ 1ರ ಇಳಿಜಾರು. ಆ ಪ್ರಕಾರ 40 ಸೆಂ.ಮೀ. ಏರಲು ಐದು ಮೀಟರಿನಷ್ಟು ಉದ್ದದ ರ‍್ಯಾಂಪ್ ಬೇಕು. ಬಸ್ಸಿನ ಹಲಗೆ ಇರುವುದು ಒಂದು ಮೀಟರಿನ ಆಸುಪಾಸು. ಬಸ್ಸು ಫುಟ್‌ಪಾತಿಗೆ ಒತ್ತಿ ನಿಂತರೆ ಹಲಗೆ ಫುಟ್‌ಪಾತಿನ ಮೇಲೆ ಕೂರುತ್ತದೆ, ಇಳಿಜಾರು ಕಡಿಮೆಯಾಗುತ್ತದೆ. ನಡು ರಸ್ತೆಯಲ್ಲಿ ನಿಂತರೆ ಅದು ರ‍್ಯಾಂಪ್ ಅಲ್ಲ, ಜಾರುಬಂಡೆ. ನಿಲ್ದಾಣದ ಮುಂದೆ ಆಟೋ, ಬೈಕು ನಿಂತಿದ್ದರೆ ಯಾವ ಡ್ರೈವರ್ ತಾನೇ ಒಳಗೆ ಒತ್ತಿಕೊಳ್ಳಲು ಸಾಧ್ಯ? ಅಪ್ಪನ ಜೊತೆ ಒಬ್ಬನೇ ಇದ್ದಾಗ ನಾನು ಬಸ್ಸಿನ ಯೋಚನೆಯನ್ನೇ ಮಾಡುವುದಿಲ್ಲ.

ಅಮ್ಮನ ವಿಷಯದಲ್ಲಿ ಬಸ್ಸು ಎರಡನೇ ಸ್ಥಾನದಲ್ಲಿದೆ. ತಗ್ಗು ನೆಲ ಇರಬೇಕು, ಮಧ್ಯಾಹ್ನದ ಹೊತ್ತಾಗಿರಬೇಕು. 2023ರ ಜೂನ್‌ನಿಂದ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇರುವುದರಿಂದ ಎಸಿ ಇಲ್ಲದ ಬಸ್ಸಿನಲ್ಲಿ ಟಿಕೆಟ್ ಖರ್ಚೂ ಇಲ್ಲ, ವಜ್ರಕ್ಕೆ ಮಾತ್ರ ದುಡ್ಡು ಕೊಡಬೇಕು. ಅಂಗವಿಕಲರ ಬಸ್ ಪಾಸಿಗೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮೊದಲು ಮಾಡಿಸಿಟ್ಟುಕೊಳ್ಳಿ, ಪಿಂಚಣಿಯಂಥ ಸವಲತ್ತುಗಳಿಗೂ ಬೇಕಾಗುತ್ತದೆ.

ಆಂಬುಲೆನ್ಸ್ ಬಾಡಿಗೆಗೆ ತೆಗೆದುಕೊಳ್ಳಿ ಅನ್ನುವವರೂ ಇದ್ದಾರೆ. 108 ಇರುವುದು ತುರ್ತಿಗೆ, ಚೆಕಪ್‌ಗಲ್ಲ. ಖಾಸಗಿಯದು ಸಿಗುತ್ತದೆ, ಆದರೆ ಅಪ್ಪ ಮಲಗಿ ಹೋಗಲು ಒಪ್ಪುವುದಿಲ್ಲ. ‘ನನಗೇನಾಗಿದೆ ಅಂತ ಬೀದಿಯವರೆಲ್ಲ ಬಾಗಿಲಿಗೆ ಬರಬೇಕಾ?’ ಅನ್ನುತ್ತಾರೆ.

ಕೊನೆಯದು, ವೀಲ್‌ಚೇರ್ ಸಮೇತ ಹತ್ತಿಸುವ ಬಾಡಿಗೆ ವ್ಯಾನ್. ಹಿಂದಿನ ಬಾಗಿಲು ತೆಗೆದು ರ‍್ಯಾಂಪ್ ಇಳಿಸುತ್ತಾರೆ, ಕುರ್ಚಿಯನ್ನು ನಾಲ್ಕು ಪಟ್ಟಿಗಳಿಂದ ನೆಲಕ್ಕೆ ಬಿಗಿಯುತ್ತಾರೆ, ಕೂತವರಿಗೆ ಬೇರೆ ಬೆಲ್ಟ್. ಮನೆ ಬಾಗಿಲಿಂದ ಬಾಗಿಲಿಗೆ. ಅನುಕೂಲದಲ್ಲಿ ಇದಕ್ಕೆ ಸಮನಾದದ್ದು ಇಲ್ಲ. ಅಮ್ಮನೂ ಜೊತೆಗೆ ಕೂರಬಹುದು. ದುಡ್ಡು ಮಾತ್ರ ಸಾಮಾನ್ಯ ಕ್ಯಾಬ್‌ನ ಎರಡು ಪಟ್ಟಿಗೂ ಜಾಸ್ತಿ ಆಗುತ್ತದೆ, ಹಿಂದಿನ ದಿನವೇ ಹೇಳಬೇಕು, ಕಾಯುವ ಹೊತ್ತಿಗೂ ಬಾಡಿಗೆ ಇದೆ. ತಿಂಗಳ ಚೆಕಪ್‌ಗೆ ನಮ್ಮ ಕೈಗೆ ಎಟುಕುವುದಿಲ್ಲ. ಇಬ್ಬರೂ ಒಟ್ಟಿಗೆ ಹೋಗಬೇಕಾದ ಮದುವೆ, ಗೃಹಪ್ರವೇಶಕ್ಕೆ ಮಾತ್ರ ಕರೆಸುತ್ತೇವೆ.

ಬುಕ್ ಮಾಡುವಾಗ ಎರಡು ವಿಷಯ ಕೇಳಿ. ಹಿಂದಿನ ಬಾಗಿಲಿನ ಎತ್ತರ ಎಷ್ಟು? ಮನೆಯಲ್ಲೇ ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ನೆತ್ತಿಯವರೆಗೆ ಟೇಪ್ ಹಿಡಿದು ಅಳೆದಿಟ್ಟುಕೊಂಡಿರಿ. ಅಪ್ಪ ಎತ್ತರದ ಆಳು, ಕೆಲವು ವ್ಯಾನ್‌ಗಳಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಎರಡನೆಯದು, ಹತ್ತಿಸಿ ಇಳಿಸುವ ಕೆಲಸ ಡ್ರೈವರ್ ಮಾಡುತ್ತಾರಾ, ನಾವೇ ಮಾಡಬೇಕಾ? ಹಾಗೇ ಛತ್ರದವರಿಗೂ ಒಂದು ಫೋನ್ ಹಾಕಿ, ಬಾಗಿಲಲ್ಲಿ ಎಷ್ಟು ಮೆಟ್ಟಿಲಿವೆ, ಊಟದ ಹಾಲ್ ಕೆಳಗಿದೆಯೋ ಮೇಲಿದೆಯೋ ತಿಳಿದುಕೊಳ್ಳಿ.